ದಡಕ್ಕೊಂದು ಕ್ಷೌರ

ಜನ ಬರುತ್ತಿದ್ದದ್ದು ತನ್ನ ಕೈಚಳಕಕ್ಕಲ್ಲ, ಕನ್ನಡಿಗೆ ಎಂಬುದು ಕ್ಷೌರಿಕನಿಗೆ ಒಳಗೊಳಗೇ ಗೊತ್ತಿತ್ತು. ಕುರ್ಚಿಯ ಬೆನ್ನಿಗೆ ದೊಡ್ಡ ಕಿಟಕಿ, ಕಿಟಕಿಯಾಚೆ ಹಳ್ಳ. ಕುರ್ಚಿಯಲ್ಲಿ ಕೂತವನಿಗೆ ಎದುರಿನ ಕನ್ನಡಿಯಲ್ಲಿ ತನ್ನ ಎರಡೂ ಕಿವಿಯ ಪಕ್ಕ ನೀರು ಹರಿಯುವುದು ಕಾಣುತ್ತಿತ್ತು. ಎಂಥ ಪೆದ್ದು ಮುಖವೂ ಅದರಲ್ಲಿ ಏನೋ ಯೋಚಿಸುತ್ತಿರುವಂತೆ ತೋರುತ್ತಿತ್ತು. ರಸ್ತೆಯ ತುದಿಯಲ್ಲಿ ಹೊಸ ಅಂಗಡಿ ಟಿವಿ ಹಾಕಿಕೊಂಡು ಕೂತ ಮೇಲೆ ಇವನ ಪಾಲಿಗೆ ಉಳಿದದ್ದು ಈ ಹಳ್ಳವೊಂದೇ.

ಆ ಹಳ್ಳವೋ, ವರ್ಷವರ್ಷವೂ ಅವನ ಹಿತ್ತಲನ್ನು ತಿನ್ನುತ್ತಿತ್ತು. ಟವೆಲ್ ಒಣಹಾಕಲು ಹೋದಾಗಲೆಲ್ಲ ಹೆಂಡತಿ ಗೋಡೆಯಿಂದ ದಡದವರೆಗೆ ಹೆಜ್ಜೆ ಎಣಿಸುವಳು. ಇಪ್ಪತ್ತಿದ್ದದ್ದು ಒಂಬತ್ತಕ್ಕೆ ಇಳಿದಿತ್ತು. "ಇನ್ನೊಂದೆರಡು ಮಳೆಗೆ ಗಿರಾಕಿಗಳು ಈಜಿಕೊಂಡು ಬರಬೇಕು," ಎಂದು ಗೊಣಗಿ, ಹಳ್ಳ ನೋಡಿಕೊಳ್ಳುವ ಕಚೇರಿಯಲ್ಲಿದ್ದ ತಮ್ಮನನ್ನು ಕರೆಸಿದಳು.

ಭಾವಮೈದುನ ಒಂದು ಹೊರೆ ಲಕ್ಕಿ ಗಿಡದ ಕಡ್ಡಿ, ಒಂದು ಗೋಣಿ ಜೊಂಡಿನ ಗೆಡ್ಡೆ ತಂದು ದಡದುದ್ದಕ್ಕೂ ನೆಟ್ಟ.

"ಇವು ಹಳ್ಳ ತಡೀತಾವಾ? ನಿನ್ನ ಮೀಸೆಗಿಂತ ತೆಳ್ಳಗಿವೆಯಲ್ಲೋ."

"ಬೇರು ಇಳೀಲಿ ಭಾವ, ಆಮೇಲೆ ನೋಡಿ. ಒಂದು ವರ್ಷ ಇವುಗಳ ತಂಟೆಗೆ ಹೋಗಬೇಡಿ, ಅಷ್ಟು ಸಾಕು."

ನಾಲ್ಕೇ ತಿಂಗಳಿಗೆ ಜೊಂಡು ಕಿಟಕಿಯೆತ್ತರ ಬೆಳೆದು ನೀರನ್ನು ಮುಚ್ಚಿಬಿಟ್ಟಿತು. ವಾರಕ್ಕೊಮ್ಮೆ ಬರುತ್ತಿದ್ದ ನಿವೃತ್ತ ಮೇಷ್ಟ್ರು ಕನ್ನಡಿ ನೋಡಿ ಮುಖ ಸಿಂಡರಿಸಿದರು. "ಏನಯ್ಯಾ ಇದು, ಪೊದೇಲಿ ಅವಿತ ಕಳ್ಳನ ಹಾಗೆ ಕಾಣ್ತಿದೀನಲ್ಲ." ಮುಂದಿನ ವಾರ ಅವರು ಟಿವಿ ಅಂಗಡಿಯಿಂದ ಹೊರಬರುವಾಗ ಕ್ಷೌರಿಕನ ಕಣ್ಣಿಗೆ ಬಿದ್ದರು. ಬಿದ್ದವರು ಆಕಾಶ ನೋಡುತ್ತಾ ನಡೆದುಬಿಟ್ಟರು.

ಮುಂದಿನ ರಜೆಯ ದಿನ, ಹೆಂಡತಿ ಮನೆಯಲ್ಲಿಲ್ಲದ್ದು ನೋಡಿ, ಕ್ಷೌರಿಕ ಕುರ್ಚಿಯಲ್ಲಿ ಕೂತು ಕನ್ನಡಿಗೆ ಅಡ್ಡ ಬರುವ ಗಿಡಗಳನ್ನು ಗುರುತಿಸಿದ. ದಡಕ್ಕೆ ಓಡಿ ಟವೆಲ್ ಕಟ್ಟಿದ, ವಾಪಸು ಬಂದು ಕೂತ, ಮತ್ತೆ ಓಡಿದ. ಎರಡು ಟವೆಲ್‌ಗಳ ನಡುವೆ ಹತ್ತಡಿ ನೆಲ ಸಿಕ್ಕಿತು. ಅಷ್ಟನ್ನೂ ಕುಡುಗೋಲಿನಲ್ಲಿ ಬುಡಕ್ಕೆ ಸವರಿ ಹಾಕಿದ. ಒರಟೊರಟಾಗಿ ಬಿಡಲು ಮನಸ್ಸೊಪ್ಪದೆ ಅಂಚನ್ನು ಕತ್ತರಿಯಿಂದ ಸರಿಮಾಡಿದ. ಆಮೇಲೆ ಇದು ಪ್ರತಿ ರಜೆಯ ಕೆಲಸವಾಯಿತು. ಮೇಷ್ಟ್ರು ಏನೂ ಆಗಿಲ್ಲವೆಂಬಂತೆ ಮರಳಿ ಬಂದರು.

ಭಾವಮೈದುನನೂ ಬಂದ. "ಇಲ್ಲೇನಾಯ್ತು?"

"ಎಮ್ಮೆ ಮೇದಿದೆ."

"ಎಮ್ಮೆ ಹೀಗೆ ಅಂಚು ಹೊಡೆದು ಮೇಯುತ್ತಾ ಭಾವ?"

"ನಮ್ಮ ಕಡೆ ಎಮ್ಮೆಗೆ ಶಿಸ್ತು ಜಾಸ್ತಿ."

ಭಾವಮೈದುನ ಬಗ್ಗಿ, ಕತ್ತರಿಸಿದ ಬುಡವೊಂದನ್ನು ಮುಟ್ಟಿ ನೋಡಿದ. ಕ್ಷೌರಿಕನೇ ಸೋತು, "ಕತ್ತರಿಸಿದಷ್ಟೂ ದಟ್ಟ ಬೆಳೆಯುತ್ತೆ ಕಣೋ," ಎಂದ. ಮೂವತ್ತು ವರ್ಷದಿಂದ ತೆಳುಗೂದಲಿನವರಿಗೆಲ್ಲ ಹೇಳಿಕೊಂಡು ಬಂದ ಮಾತು ಅದು.

"ತಲೆ ಮೇಲೇ ಸುಳ್ಳು ಅದು. ಎಲೆಯೇ ಇಲ್ಲದಿದ್ರೆ ಬೇರು ಏನು ತಿನ್ನಬೇಕು?"

ಮಳೆ ಮೂರು ದಿನ ಬಿಡದೆ ಹೊಡೆಯಿತು. ಮೂರನೆಯ ಮಧ್ಯಾಹ್ನ ಮೇಷ್ಟ್ರ ಒಂದು ಕೆನ್ನೆ ಮುಗಿದು ಇನ್ನೊಂದಕ್ಕೆ ನೊರೆ ಹಚ್ಚಿದ್ದ. ಅವರು ಕನ್ನಡಿಯನ್ನೇ ನೋಡುತ್ತಾ ಮೆಲ್ಲಗೆ, "ಹಳ್ಳ ಹತ್ತಿರ ಬರ್ತಿದೆ ಕಣಯ್ಯಾ," ಎಂದರು.

"ಕನ್ನಡಿ ನಿನ್ನೆಯಷ್ಟೇ ಉಜ್ಜಿದ್ದೆ ಸಾರ್, ಹೊಳಪಿಗೆ ಹಾಗೆ ಕಾಣುತ್ತೆ."

"ಅಲ್ಲಯ್ಯಾ. ಬರ್ತಿದೆ."

ತಿರುಗಿ ನೋಡಿದ. ಎರಡೂ ಪಕ್ಕ ಜೊಂಡು ಪ್ರವಾಹದಡಿ ಅಂಗಾತ ಮಲಗಿದ್ದರೂ ಮಣ್ಣನ್ನು ಬಿಟ್ಟಿರಲಿಲ್ಲ. ನಡುವಿನ ಹತ್ತಡಿ ಮಾತ್ರ ಒಗೆಯುವ ಕಲ್ಲಿನ ಸಮೇತ ಕಳಚಿ ಬಿತ್ತು. ಕಿಟಕಿಯ ಕೆಳಗೆ ಗೋಡೆ ಬಿರುಕು ಬಿಟ್ಟಿತು. ಮೇಷ್ಟ್ರು ಒಂದು ಕೆನ್ನೆಯ ನೊರೆಯೊಂದಿಗೇ ರಸ್ತೆಗಿಳಿದರು.

ನೀರು ಇಳಿದ ಮೇಲೆ ಹೆಂಡತಿ ಎಣಿಸಿದಳು: ಎರಡು ಹೆಜ್ಜೆ. ಒಣಹಾಕಲು ತಂದಿದ್ದ ಟವೆಲ್‌ಗಳನ್ನು ಗಂಡನ ಕೈಗಿತ್ತು ಒಳಗೆ ನಡೆದಳು. ಅವಳು ಬೈದಿದ್ದರೇ ಅವನಿಗೆ ಸಮಾಧಾನವಾಗುತ್ತಿತ್ತು.

ಭಾವಮೈದುನ ಕಚೇರಿಯ ಫಾರಂ ಬಿಡಿಸಿಕೊಂಡು ಕೂತ. "ದನ ಮೇದದ್ದು ಅಂದ್ರೆ ಹೊಸ ಕಡ್ಡಿ, ಬೇಲಿ ಎರಡೂ ಕೊಡ್ತಾರೆ. ಮನೆಯವರೇ ಕತ್ತರಿಸಿದ್ದು ಅಂದ್ರೆ ಏನೂ ಇಲ್ಲ. ಏನು ಬರೀಲಿ?"

ಕ್ಷೌರಿಕ ಗೋಡೆಯ ಬಿರುಕಿಗೆ ಬೆರಳು ತೂರಿಸಿ ನೋಡಿದ. ಬೆರಳು ಪೂರ್ತಿ ಒಳಗೆ ಹೋಯಿತು. "ನಾಳೆ ಯಾರಾದ್ರೂ ನೋಡೋಕೆ ಬಂದ್ರೆ ನಿನ್ನ ಕೆಲಸ ಹೋಗುತ್ತೆ. ನಾನೇ ಅಂತ ಬರಿ."

"ಹಾಗಿದ್ರೆ ಕಡ್ಡಿಗೆ ಪಕ್ಕದಲ್ಲಿ ಉಳಿದ ಲಕ್ಕಿ ಗಿಡಗಳೇ ಗತಿ. ಸ್ವಲ್ಪ ಸ್ವಲ್ಪ ಕತ್ತರಿಸಿಕೊಳ್ಳಿ, ತಗೊಳ್ಳಿ." ಕುಡುಗೋಲು ಚಾಚಿದ.

ಕ್ಷೌರಿಕ ಕೈ ಹಿಂದಕ್ಕೆಳೆದುಕೊಂಡ. "ನೀನೇ ಕತ್ತರಿಸು. ನನಗೆ ಎಲ್ಲಿ ನಿಲ್ಲಿಸಬೇಕು ಅನ್ನೋದು ಗೊತ್ತಾಗಲ್ಲ."

ಮರುದಿನ ಅಂಗಡಿ ತೆರೆಯಲಿಲ್ಲ. ಅವನು ಮಂಡಿಯವರೆಗೆ ಕೆಸರಿನಲ್ಲಿ ಹೂತುಕೊಂಡು, ಭಾವಮೈದುನ ಕೊಟ್ಟ ಕಡ್ಡಿಗಳನ್ನು ಒಂದೊಂದಾಗಿ ಮೊಳದಾಳಕ್ಕೆ ಒತ್ತುತ್ತಿದ್ದ. ಗೋಡೆಯ ಮೂಲೆಯಿಂದ ಗಿರಾಕಿಯೊಬ್ಬರು ಇಣುಕಿದರು.

"ಎಷ್ಟು ಹೊತ್ತಾಗುತ್ತೆ?"

"ಇವತ್ತಂತೂ ಆಗಲ್ಲ. ನಾಳೆಯೂ ಕಷ್ಟ."

"ಅಷ್ಟರಲ್ಲಿ ನನ್ನ ಕೂದಲು ಕಾಡಾಗಿಬಿಡುತ್ತೆ ಕಣಪ್ಪಾ."

"ಆಗ್ಲಿ ಬಿಡಿ," ಎಂದು ಅವನು ಇನ್ನೊಂದು ಕಡ್ಡಿಗೆ ಕೈಚಾಚಿದ.