ಮೂರನೆಯ ಪೀರಿಯಡ್ಡು

ಕೆಂಪು ಶಾಯಿಯಲ್ಲಿ ಗೆರೆ ಎಳೆದ ಆ ದೊಡ್ಡ ಹಾಳೆ ಈಗಲೂ ನನ್ನ ಕಣ್ಣ ಮುಂದಿದೆ. ಅದು ನಮ್ಮೂರ ಶಾಲೆಯ ವೇಳಾಪಟ್ಟಿ. ಅಲ್ಲಿ ಸಂಸ್ಕೃತದ ಮೇಷ್ಟ್ರಾಗಿದ್ದ ನಾನೇ ಅದನ್ನು ಬರೆದವನು.

ಮಗಳು ಕಾತ್ಯಾಯಿನಿ ತೀರಿಕೊಂಡ ವರ್ಷ ಮೊಮ್ಮಗಳು ಮೈತ್ರೇಯಿ ನನ್ನ ಮನೆಗೆ ಬಂದು ಅದೇ ಶಾಲೆಯಲ್ಲಿ ಹನ್ನೊಂದನೆಯ ತರಗತಿಗೆ ಸೇರಿದಳು. ನಾನು ನಿವೃತ್ತನಾಗಿ ಆಗ ಹದಿನೆಂಟು ವರ್ಷ ಕಳೆದಿತ್ತು. ಮೊದಲ ವಾರವೇ ಹುಡುಗಿ ಮುಖ ಊದಿಸಿಕೊಂಡು ಬಂದಳು.

"ತಾತ, ಸಂಸ್ಕೃತ ಬೇಕಂದ್ರೆ ಜೀವಶಾಸ್ತ್ರ ಬಿಡ್ಬೇಕಂತೆ. ಎರಡೂ ಮೂರನೇ ಪೀರಿಯಡ್ಡೇ."

"ಯಾವ ದಡ್ಡ ಹಾಕಿದ್ನಮ್ಮ ಅಂಥ ಟೈಮ್‌ಟೇಬಲ್ಲು?"

"ಯಾರೋ. ನಂಗೆ ಎರಡೂ ಬೇಕು. ಡಾಕ್ಟರೂ ಆಗ್ಬೇಕು, ಅಮ್ಮನ ಸಂಸ್ಕೃತ ಪುಸ್ತಕಗಳನ್ನೂ ಓದ್ಬೇಕು."

ಎರಡು ದಿನ ಫೋನಿನಲ್ಲಿ ತಡಕಾಡಿ, ಮನೆಯಲ್ಲಿ ಕೂತೇ ಕಲಿಯಬಹುದಾದ ಆನ್‌ಲೈನ್ ಜೀವಶಾಸ್ತ್ರದ ಕೋರ್ಸೊಂದನ್ನು ಅವಳೇ ಹುಡುಕಿದಳು. ಅದು ಪರೀಕ್ಷೆಗೆ ಲೆಕ್ಕಕ್ಕೆ ಬರಬೇಕಾದರೆ ಶಾಲೆ ಒಪ್ಪಬೇಕು, ಪೋಷಕರು ಅರ್ಜಿಗೆ ಸಹಿ ಹಾಕಬೇಕು. ಅರ್ಜಿಯ ಕೊನೆಯ ದಿನ ಇಬ್ಬರೂ ಹೊರಟೆವು.

ಮುಖ್ಯೋಪಾಧ್ಯಾಯಿನಿ ನಸೀಮಾ ನನ್ನ ಹಳೆಯ ಶಿಷ್ಯೆ. ಕಾತ್ಯಾಯಿನಿಯ ಪಕ್ಕದಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವಳು. ನನ್ನನ್ನು ಕಂಡು ಎದ್ದು ನಿಂತಳು. ಅವಳ ಹಿಂದಿನ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗೆ, ಕೆಂಪು ಗೆರೆಯ ಆ ಹಾಳೆ.

"ಇದು ಇನ್ನೂ ಇದೆಯೇನಮ್ಮ?"

"ನೀವು ಹಾಕಿದ್ದು ಅಂತ ಯಾರೂ ಮುಟ್ಟಿಲ್ಲ ಮೇಷ್ಟ್ರೇ. ಪಾಠ ಮಾಡೋರ ಹೆಸರು ಮಾತ್ರ ಬದಲಾಗತ್ತೆ."

ಹತ್ತಿರ ಹೋಗಿ ಓದಿದೆ. ಮೂರನೆಯ ಸಾಲಿನಲ್ಲಿ ಒಂದು ಕಡೆ ಜೀವಶಾಸ್ತ್ರ, ಪಕ್ಕದಲ್ಲಿ ಸಂಸ್ಕೃತ. ಅಕ್ಷರ ನನ್ನದೇ. ಅದನ್ನು ಹಾಕಿದ ದಿನ ನೆನಪಾಯಿತು. ಪ್ರಯೋಗಶಾಲೆಯ ನಲ್ಲಿಗೆ ಆ ಹೊತ್ತಿಗೆ ಮಾತ್ರ ನೀರು ಬರುತ್ತಿದ್ದುದರಿಂದ ಜೀವಶಾಸ್ತ್ರವನ್ನು ಕದಲಿಸುವಂತಿರಲಿಲ್ಲ. ಸಂಸ್ಕೃತವನ್ನು ಮೊದಲ ಪೀರಿಯಡ್ಡಿಗೆ ಹಾಕಬಹುದಿತ್ತು. ಆದರೆ ನನ್ನ ಪೂಜೆ, ನೈವೇದ್ಯ ಮುಗಿಯುವಾಗ ಹತ್ತು ದಾಟುತ್ತಿತ್ತು. ದೇವರಿಗೆ ಅವಸರ ಮಾಡಬಾರದೆಂದು ನನ್ನ ಪಾಠವನ್ನು ನಾನೇ ಮೂರನೆಯದಕ್ಕೆ ತಳ್ಳಿಕೊಂಡಿದ್ದೆ.

"ಇಷ್ಟು ವರ್ಷ ಯಾರೂ ಕೇಳಲಿಲ್ವೇನಮ್ಮ?"

ನಸೀಮಾ ತಲೆ ತಗ್ಗಿಸಿದಳು. "ಕಾತ್ಯಾ ಕೇಳ್ಬೇಕು ಅಂತಿದ್ಲು ಮೇಷ್ಟ್ರೇ. ಅವಳಿಗೂ ಜೀವಶಾಸ್ತ್ರ ಬೇಕಿತ್ತು. ನಿಮ್ಮ ಕೋಣೆ ಬಾಗಿಲ ತನಕ ಬಂದು ವಾಪಸ್ ಹೋದ್ಲು. ಅಪ್ಪನ ಪೂಜೆ ಕೆಡಿಸಿ ಕಲಿತರೆ ವಿದ್ಯೆ ಹತ್ತತ್ತೇನೇ, ಅಂದ್ಲು."

ನನ್ನ ಮಗಳು ದೇವಭಾಷೆಯನ್ನು ತಾನಾಗಿ ಆರಿಸಿಕೊಂಡಳೆಂದು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು. ಎರಡು ವರ್ಷ ದಿನವೂ ಆ ಪೀರಿಯಡ್ಡಿನಲ್ಲಿ ಅವಳು ನನ್ನೆದುರಿಗೇ ಕೂತಿದ್ದಳು.

"ಈಗ ಬದಲಾಯಿಸೋಕಾಗಲ್ವಾ?"

"ಈ ವರ್ಷ ಆಗಲ್ಲ. ಸಂಸ್ಕೃತದವರು ಬೇರೆ ಶಾಲೆಯಿಂದ ಆ ಹೊತ್ತಿಗೆ ಮಾತ್ರ ಬರ್ತಾರೆ. ಅರ್ಜಿ ಕೊಡಿ, ನಾನು ಒಪ್ಪಿಗೆ ಹಾಕ್ತೀನಿ."

ಅರ್ಜಿಯಲ್ಲಿ 'ಶಾಲೆಯಲ್ಲಿ ಕಲಿಯಲಾಗದಿರಲು ಕಾರಣ' ಎಂದು ಒಂದು ಸಾಲಿತ್ತು.

"ವೇಳೆ ಹೊಂದಿಕೆಯಾಗಿಲ್ಲ ಅಂತ ಬರೀರಿ, ಸಾಕು," ಎಂದಳು ನಸೀಮಾ.

ನಾನು ಕಾರಣದ ಆ ಸಾಲಿನಲ್ಲಿ ನನ್ನ ಹೆಸರು ಬರೆದೆ.

"ಸಹಿ ಕೆಳಗಡೆ ತಾತ," ಎಂದು ಮೈತ್ರೇಯಿ ಬೆರಳಿಟ್ಟು ತೋರಿಸಿದಳು.

"ಗೊತ್ತಮ್ಮ," ಎಂದು, ಕೆಳಗೂ ಅದನ್ನೇ ಬರೆದೆ.