ಬುಟ್ಟಿಯಿಲ್ಲದೆ ಬಾರ್ಕೂರು ಸುತ್ತಿದ್ದು

ಕೆಲಸವಿಲ್ಲದೆ ನಡೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ವರ್ಷಗಟ್ಟಲೆ ಬಾರ್ಕೂರಿನ ಮನೆಮನೆ ತಿರುಗಿದವಳಿಗೆ ನಡಿಗೆಯೆಂದರೆ ವ್ಯಾಪಾರ. ಆದರೆ ನನ್ನ ಅಣ್ಣನ ಮಗಳು ನವ್ಯಶ್ರೀ ಹಟ ಹಿಡಿದರೆ ಮುಗಿಯಿತು. ಕುಂದಾಪುರದ ಆಸ್ಪತ್ರೆಯಲ್ಲಿ ನರ್ಸ್ ಅವಳು. ನೋಡಲು ಬಂದ ಹುಡುಗನ ಮುಂದೆ ಚಾ ತಟ್ಟೆ ಹಿಡಿದು ನಿಲ್ಲುವುದಿಲ್ಲ, ಬೇಕಾದರೆ ಅವನ ಜೊತೆ ಬಾರ್ಕೂರಿನಲ್ಲಿ ಒಂದು ಸುತ್ತು ನಡೆಯುತ್ತೇನೆ, ಸುತ್ತು ಮುಗಿದ ಮೇಲೆ ಹೌದೋ ಅಲ್ಲವೋ ಹೇಳುತ್ತೇನೆ ಎಂದಳು.

ಹುಡುಗ ರತನ್, ಗಂಗೊಳ್ಳಿಯಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುವವನು. ಸಂಬಂಧ ತಂದವಳು ನಾನೇ. ಅವನು ನನಗೆ ಎಷ್ಟು ಹಿಡಿಸಿದ್ದನೆಂದರೆ, ಈ ಮದುವೆ ಆಗಲಿ ಎಂದು ಯಾವ ಯಾವ ದೇವರಿಗೆ ಹರಕೆ ಹೊತ್ತೆನೋ ನನಗೇ ಲೆಕ್ಕವಿಲ್ಲ.

"ನೀನೂ ಬಾ ಅತ್ತೆ. ಆದ್ರೆ ಮದಿ ಸುದ್ದಿ ಎತ್ತೂಕಾಗ. ಯಾರಾರೂ ಒತ್ತಾಯ ಮಾಡ್ರೆ ನಾ ಇಲ್ಲ ಅಂದ್ ಹೇಳ್ತೆ" ಎಂದಿದ್ದಳು ನವ್ಯ.

ಭಾನುವಾರ ಬೆಳಿಗ್ಗೆ ಮೂವರೂ ಬಾರ್ಕೂರಿನಲ್ಲಿ ಬಸ್ಸಿಳಿದೆವು. ಹುಡುಗನ ಎದುರು ಮರ್ಯಾದೆಯಾಗಿರಲಿ ಎಂದು ನಾನು ರೇಷ್ಮೆ ಸೀರೆ ಉಟ್ಟಿದ್ದೆ. ಅವರಿಬ್ಬರು ಮುಂದೆ, ನಾನು ಬೇಕೆಂದೇ ಹಿಂದೆ. ಕತ್ತಲೆ ಬಸದಿಯ ಕಂಬಗಳ ನಡುವೆ ಅವರು ತಿರುಗಾಡುತ್ತಿದ್ದಾಗ ನನ್ನ ಗಿರಾಕಿ ಸುಗಂಧಿ ಪಕ್ಕದ ತನ್ನ ಮನೆಯ ಅಂಗಳದಿಂದಲೇ ಕರೆದಳು.

"ಹ್ವಾಯ್ ಕಮಲಕ್ಕ, ಒಳ್ಗ್ ಬನಿ. ಮದಿ ಯಾವತ್ತಿಗೆ?"

ಅವಳದು ತಪ್ಪಲ್ಲ. ನಮ್ಮ ಕಡೆ ಮದುವೆಗೆ ಕರೆಯುವುದಕ್ಕೆ ಹೇಳಿಕೆ ಎನ್ನುತ್ತೇವೆ, ಅದನ್ನು ಫೋನಿನಲ್ಲಿ ಮಾಡಿದರೆ ನಡೆಯುವುದಿಲ್ಲ. ಮನೆ ಬಾಗಿಲಿಗೆ ಹೋಗಿ, ಕೂತು, ಬಾಯಿಬಿಟ್ಟು ಕರೆಯಬೇಕು. ಮೀನು ಮಾರುವ ಕಮಲಕ್ಕ ಬುಟ್ಟಿಯಿಲ್ಲದೆ, ರೇಷ್ಮೆ ಸೀರೆ ಉಟ್ಟು, ಹುಡುಗ ಹುಡುಗಿಯನ್ನು ಜೊತೆಗಿಟ್ಟುಕೊಂಡು ಬಂದರೆ ಬೇರೆ ಎಂತ ತಿಳಿಯಬೇಕು? ಮದುವೆಯ ಮಾತೆತ್ತಬಾರದೆಂಬ ಕಟ್ಟಳೆ ಬೇರೆ ಇತ್ತಲ್ಲ, ನಾನು ಸುಮ್ಮನೆ ನಕ್ಕು ಮುಂದೆ ನಡೆದೆ. ನಿಜ ಹೇಳುವುದಾದರೆ, ಆ ಪ್ರಶ್ನೆ ಕೇಳಿ ಖುಷಿಯೇ ಆಗಿತ್ತು.

ಕೋಟೆಯ ಮುರಕಲ್ಲುಗಳನ್ನು ದಾಟಿ ಮರ ದಟ್ಟವಾಗಿದ್ದ ಹಾಡಿಯೊಳಗೆ ಹೊಕ್ಕೆವು. ಎಲೆಗಳಿಂದ ಇಬ್ಬನಿ ಇನ್ನೂ ತೊಟ್ಟಿಕ್ಕುತ್ತಿತ್ತು. ಎಲ್ಲೋ ನವಿಲು ಕೂಗಿತು. ರತನ್ ಅದನ್ನು ಅಣಕಿಸಲು ಹೋಗಿ, ಹಳೇ ಎಂಜಿನ್ ಸ್ಟಾರ್ಟ್ ಆಗದ ಹಾಗೆ ಗೊರಗೊರ ಎಂದ. ನವ್ಯ ಮರಕ್ಕೆ ಒರಗಿ ನಕ್ಕಳು. ಆ ಹುಡುಗಿ ಹಾಗೆ ನಕ್ಕಿದ್ದನ್ನು ಕೇಳದೆ ಎಷ್ಟು ಕಾಲವಾಗಿತ್ತೋ. ವ್ಯಾಪಾರವಿಲ್ಲದ ನಡಿಗೆಯೂ ಅಷ್ಟೇನೂ ದಂಡವಲ್ಲ ಅನ್ನಿಸಿತು.

ಹಾಡಿ ಮುಗಿದಲ್ಲಿ ನನ್ನ ಇನ್ನೊಬ್ಬ ಗಿರಾಕಿ ಪದ್ದು ತನ್ನ ಮನೆಯ ಗೇಟಿಗೆ ಬಂದು ನಿಂತಿದ್ದಳು. "ಸುಗಂಧಿ ಫೋನ್ ಮಾಡಿದ್ಳ್. ಜೋಡಿ ಲಾಯ್ಕಿತ್ತ್. ಮದಿಗ್ ಬತ್ತ್ ನಾವ್" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ನವ್ಯಳ ಮುಖ ಕೆಂಪಾಯಿತು. ತಿರುಗಿ ನನ್ನನ್ನು ನೋಡಿದಳು. ನಾನೇನೂ ಹೇಳಿಲ್ಲವೆಂದು ಕೈಯಾಡಿಸಿದೆ. ಅವಳು ನಂಬಿದಂತೆ ಕಾಣಲಿಲ್ಲ. ಅಲ್ಲಿಂದ ರತನ್‌ನನ್ನೂ ಬಿಟ್ಟು ಒಬ್ಬಳೇ ಬಿರಬಿರನೆ ಮುಂದೆ ನಡೆದಳು. ಊರಿಗೆ ಊರೇ ಸೇರಿ ಹುಡುಗಿಯನ್ನು ಒತ್ತಾಯ ಮಾಡಿದ ಹಾಗಾಯಿತು, ಇನ್ನು ಇವಳು ಇಲ್ಲ ಎಂದೇ ಹೇಳುವವಳು.

ಬಸ್‌ಸ್ಟಾಪಿನ ಹತ್ತಿರ ನನ್ನ ಹಳೇ ಗಿರಾಕಿ ಮಂಜಯ್ಯ ಶೆಟ್ಟರ ಮನೆ. ಸುದ್ದಿ ಅಲ್ಲಿಗೂ ಮುಟ್ಟಿತ್ತು. ಅಂಗಳದಲ್ಲಿ ಆಗಲೇ ಕುರ್ಚಿ ಹಾಕಿಸಿದ್ದರು. ಬೆಲ್ಲ, ನೀರು ಬಂತು.

"ಈಗಿನ್ ಕಾಲ್ದಲ್ಲ್ ನಡ್ಕಂಡ್ ಬಂದ್ ಮದಿಗ್ ಕರೂರ್ ಯಾರಿದ್ರ್?" ಶೆಟ್ಟರಿಗೆ ಬಹಳ ಸಂತೋಷವಾಗಿತ್ತು. "ದಿನ ಹೇಳಿ, ನಾ ಬತ್ತೆ."

ರತನ್ ಎದ್ದು ನಿಂತ. "ಇಲ್ಲ ಶೆಟ್ರೆ, ಇನ್ನ್ ಎಂತದೂ ನಿಕ್ಕಿ ಆಯ್ಲಿಲ್ಲ. ನಾವ್ ಬರೀ ನಡೂಕೆ ಬಂದದ್ದ್. ಇವ್ರ್ ಬೇಡ ಅಂದ್ರೂ ಅಂದ್ರ್. ಅದ್ ಇವ್ರ್ ಇಷ್ಟ, ಯಾರೂ ಒತ್ತಾಯ ಮಾಡೂಕಾಗ."

ಶೆಟ್ಟರ ಮುಖ ಸಪ್ಪಗಾಯಿತು. "ಹಂಗಾರೆ ಕರೂಕ್ ಬಂದದ್ದಲ್ದಾ?"

ಎಲ್ಲ ಮುಗಿಯಿತು ಎಂದುಕೊಂಡೆ. ನವ್ಯ ರತನ್‌ನನ್ನೇ ನೋಡುತ್ತಿದ್ದಳು. ಆಮೇಲೆ ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಚೊಂಬು ಕೆಳಗಿಟ್ಟಳು.

"ಕರೂಕೇ ಬಂದದ್ದ್ ಶೆಟ್ರೆ. ದಿನ ಒಂದ್ ನಿಕ್ಕಿ ಆಯ್ಲಿಲ್ಲ, ಅಷ್ಟೇ. ಮನಿಯರೆಲ್ಲ ಬರ್ಕ್."

ನನಗೆ ಅಳು ಬಂತು, ನಗುವೂ ಬಂತು. ರೇಷ್ಮೆ ಸೆರಗೆಂಬುದನ್ನೂ ನೋಡದೆ ಅದರಲ್ಲೇ ಕಣ್ಣೊರೆಸಿಕೊಂಡೆ. ಶೆಟ್ಟರು ಮಾತ್ರ ನಿಂತೇ ಇದ್ದ ರತನ್‌ನನ್ನು ನೋಡುತ್ತಿದ್ದರು.

"ಎಂತ ಮಾಣಿ, ನಿಂಗೂ ಈಗ್ಳೇ ಗೊತ್ತಾದ್ದಾ?"

"ಹೌದ್ ಶೆಟ್ರೆ," ಎಂದ ರತನ್, ಮೆಲ್ಲಗೆ ಕುರ್ಚಿ ಹಿಡಿದು ಕೂರುತ್ತ. "ನಂಗೂ ಈಗ್ಳೇ ಹೇಳ್ಕೆ ಆದ್ದ್."