ರಿಚರ್ಡ್‌ಗೊಂದು ಚೌಕ

ಆರು ವರ್ಷದ ಜಾನ್ಸನ್ ಮೆಟ್ಟಿಲ ಮೇಲೆ ಮತ್ತೆ ಬಿದ್ದ. ಈ ವಾರ ಅದು ನಾಲ್ಕನೇ ಸಲ.

“ಎಣ್ಣೆ ಹಚ್ಚಿ ತಿಕ್ಕಿದ್ರೆ ಕಾಲು ಗಟ್ಟಿಯಾಗುತ್ತೆ ಕಣೇ,” ಎಂದರು ಅಜ್ಜಿ ಸೂಸಮ್ಮ.

ರೋಸ್ಲಿನ್ ಮಗನನ್ನು ಎತ್ತಿಕೊಂಡಳು. ತಾಯಿಯ ಈ ಮಾತು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು.

ಸಿದ್ಧಾರ್ಥನಗರದ ಆ ಮನೆಗೆ ಅಂದು ಆಸ್ಪತ್ರೆಯ ನರ್ಸ್ ಪ್ರೇಮಲೀಲಾ ಬಂದಿದ್ದರು. ಮಗುವಿನ ರಕ್ತಪರೀಕ್ಷೆ ಆಗಿತ್ತು. ಈಗ ಮನೆಯವರ ರಕ್ತ ಬೇಕಿತ್ತು.

ಸೂಸಮ್ಮನ ಅಣ್ಣ ಅಂತೋಣಪ್ಪ ಕೈಕಟ್ಟಿ ಕೂತರು. “ನಂಗ್ಯಾಕಮ್ಮ ಸೂಜಿ? ಅರವತ್ತೆರಡಾದ್ರೂ ಗುಂಡುಕಲ್ಲಂಗಿದೀನಿ!”

“ಅದಕ್ಕೇ ನಿಮ್ಮದು ಬೇಕು ಸಾರ್. ಲ್ಯಾಬಲ್ಲಿ ಮಗು ಡಿಎನ್‌ಎ ಓದಿದಾರೆ. ಸ್ನಾಯುವಿನ ಜೀನಲ್ಲಿ ಒಂದು ಬದಲಾವಣೆ ಸಿಕ್ಕಿದೆ. ಇಂಥದ್ದು ತಾಯಿ ಕಡೆಯಿಂದ ಬರುತ್ತೆ, ಕಾಯಿಲೆ ಕಾಣೋದು ಗಂಡುಮಕ್ಕಳಲ್ಲಿ. ಅದೇ ಕಾಯಿಲೆಗೆ ಕಾರಣವೋ ಅಲ್ವೋ ಇನ್ನೂ ಗೊತ್ತಿಲ್ಲ. ಅದೇ ಬದಲಾವಣೆ ನಿಮ್ಮಲ್ಲೂ ಇದ್ದು ನೀವು ಹಿಂಗೆ ಗಟ್ಟಿಯಾಗಿದ್ರೆ, ಕಾರಣ ಅದಲ್ಲ. ಬೇರೆ ಹುಡುಕ್ಬೇಕು.”

“ನಮ್ಮ ವಂಶದಲ್ಲಿ ಯಾರಿಗೂ ಇಂಥದ್ದಿಲ್ಲ ಕಣ್ರೀ,” ಸೂಸಮ್ಮ ನಡುವೆ ಬಾಯಿ ಹಾಕಿದರು. “ನಮ್ಮಪ್ಪಂಗೆ ನಾವಿಬ್ಬರೇ ಮಕ್ಕಳು.”

ಪ್ರೇಮಲೀಲಾ ಹಾಳೆಯಲ್ಲಿ ವಂಶವೃಕ್ಷಕ್ಕೆಂದು ಗಂಡಿಗೊಂದು ಚೌಕ, ಹೆಣ್ಣಿಗೊಂದು ವೃತ್ತ ಬರೆದರು.

ರೋಸ್ಲಿನ್‌ಗೆ ತಡೆಯಲಾಗಲಿಲ್ಲ. “ಮತ್ತೆ ನವೆಂಬರ್ ಎರಡಕ್ಕೆ, ಸತ್ತವರ ದಿನ, ಅಜ್ಜನ ಪಕ್ಕದ ಚಿಕ್ಕ ಸಮಾಧಿ ಮೇಲೆ ಯಾರಿಗಮ್ಮ ಮೇಣದಬತ್ತಿ ಹಚ್ತೀಯ? ಪ್ರತಿ ವರ್ಷ ಹೂ ತಂದುಕೊಡೋಳು ನಾನೇ ಅಲ್ವಾ?”

ಸೂಸಮ್ಮನ ದನಿ ಇಳಿಯಿತು. “ನಿನ್ನ ತಂಗಿ ಮರ್ಲಿನ್ ಮದುವೆ ಗೊತ್ತಾಗಿದೆ. ಹುಡುಗನ ಕಡೆಯೋರಿಗೆ ತಿಳಿದ್ರೆ?”

“ತಿಳೀದೆ ಮದುವೆಯಾಗಿ, ಅವಳ ಮಗನೂ ಹಿಂಗೇ ಬಿದ್ರೆ? ಆಗ್ಲೂ ಎಣ್ಣೆ ತಿಕ್ತೀಯಾ?”

ಅಂತೋಣಪ್ಪ ಕಟ್ಟಿದ ಕೈ ಬಿಟ್ಟರು.

“ರಿಚರ್ಡ್. ನಮ್ಮ ತಮ್ಮ. ಹತ್ತು ವರ್ಷಕ್ಕೇ ನಡೆಯೋದು ನಿಂತೋಯ್ತು. ಚರ್ಚಿಗೆ ನಾನೇ ಹೊತ್ಕೊಂಡು ಹೋಗ್ತಿದ್ದೆ.” ಷರಟಿನ ತೋಳು ಮೇಲಕ್ಕೆ ಮಡಚಿದರು. “ಅವನನ್ನೂ ಬರ್ಕೊಳ್ಳಮ್ಮ. ಆಮೇಲೆ ರಕ್ತ ತಗೋ.”

ಹಾಳೆಯಲ್ಲಿ ಇನ್ನೊಂದು ಚೌಕ ಮೂಡಿತು. ತೀರಿಹೋದವನೆಂದು ಅದರ ಮೇಲೊಂದು ಅಡ್ಡಗೆರೆ. ಸೂಸಮ್ಮ ಅದನ್ನೇ ನೋಡುತ್ತ ಕೂತರು. ಆಮೇಲೆ ತಾವೂ ಕೈ ಚಾಚಿದರು.

“ಮರ್ಲಿನ್‌ಗೆ ಫೋನ್ ಮಾಡು,” ಎಂದರು. “ಅವಳೂ ಬರಲಿ.”

ನಿಮ್ಮ ಮನೆಯಲ್ಲೂ ಹೆಸರೇ ಹೇಳದೆ ಮರೆಮಾಡಿದ ಮಗುವೊಂದು ಇದೆಯೇ? ವೈದ್ಯರು ವಂಶದ ವಿವರ ಕೇಳಿದಾಗ ಆ ಹೆಸರನ್ನೂ ಹೇಳಿ. ಆರೋಗ್ಯವಾಗಿರುವವರೂ ಪರೀಕ್ಷೆಗೆ ರಕ್ತ ಕೊಡಿ. ಮುಚ್ಚಿಟ್ಟರೆ ಕಾಯಿಲೆ ಹೋಗುವುದಿಲ್ಲ. ಅದರ ಸುಳಿವೇ ಇಲ್ಲದ ಇನ್ನೊಬ್ಬ ತಾಯಿಯ ಮನೆಗೆ ಹೋಗುತ್ತದೆ, ಅಷ್ಟೆ.